ಖಾಲಿ ಸೈಟಿನಲ್ಲಿ ಚೆಲ್ಲಿದ ಚರಗ

ನನ್ನನ್ನು ಮಾಟಗಾತಿ ಮಾಡಿದ ವಿಡಿಯೋವನ್ನು ನಾನು ಮೊದಲು ನೋಡಿದ್ದು ಗಾರ್ಮೆಂಟ್ಸ್‌ನ ಊಟದ ಬಿಡುವಿನಲ್ಲಿ. ಪಕ್ಕದ ಟೇಬಲ್ಲಿನವಳು ಫೋನ್ ಹಿಡಿದು, "ಅಕ್ಕಾ, ಇದು ನೀವೇ ಅಲ್ವಾ?" ಅಂದಳು. ನಾನೇ. ಮುಖ ಮಸುಕು ಮಾಡಿದ್ದರು. ಆದರೆ ನನ್ನ ಹಸಿರು ಸೀರೆ, ಕೈಯಲ್ಲಿದ್ದ ಹಳದಿ ಬುಟ್ಟಿ, ಹಿಂದೆ ಚೊಂಬು ಹಿಡಿದು ಬರುತ್ತಿದ್ದ ನನ್ನ ಗಂಡ, ಎಲ್ಲ ಸ್ಪಷ್ಟವಾಗಿತ್ತು. ಮೇಲೆ ಕೆಂಪು ಅಕ್ಷರ: 'ಹೆಗ್ಗನಹಳ್ಳಿ ಖಾಲಿ ಸೈಟಲ್ಲಿ ಅಮಾವಾಸ್ಯೆ ಮಾಟ!' ಜೊತೆಗೆ ದೆವ್ವದ ಸಿನಿಮಾದ ಸಂಗೀತ ಬೇರೆ. ಮೈಯೆಲ್ಲ ಉರಿದುಹೋಯಿತು.

ಅದು ಎಳ್ಳಮವಾಸ್ಯೆ ಸ್ವಾಮಿ! ಮಾಟವೂ ಅಲ್ಲ, ಮಣ್ಣಂಗಟ್ಟಿಯೂ ಅಲ್ಲ. ನಮ್ಮ ಬಾಗಲಕೋಟೆ ಕಡೆ ಆ ದಿನ ಹೊಲಕ್ಕೆ ಹೋಗಿ ಐದು ಕಲ್ಲಿಗೆ ಸುಣ್ಣ ಬಳಿದು ಪೂಜಿಸುತ್ತೇವೆ. ಮಾಡಿದ ಅಡುಗೆಯಲ್ಲಿ ಮೊದಲ ಪಾಲು ಭೂಮಿತಾಯಿಗೆ. ಒಬ್ಬರು "ಹುಲಿಗೋ, ಹುಲಿಗೋ" ಎಂದು ಕೂಗುತ್ತ ಅದನ್ನು ಪೈರಿನ ಮೇಲೆ ಚೆಲ್ಲುತ್ತ ಹೋದರೆ ಇನ್ನೊಬ್ಬರು ಹಿಂದಿನಿಂದ ನೀರು ಚಿಮುಕಿಸುತ್ತ ಬರುತ್ತಾರೆ. ಇದೇ ಚರಗ. ಈ ಸಿಟಿಯಲ್ಲಿ ಹೊಲ ಎಲ್ಲಿಂದ ತರಲಿ? ನಮ್ಮ ಬೀದಿಯ ಕೊನೆಗಿದ್ದ ಖಾಲಿ ಸೈಟಿನಲ್ಲಿ ಯಾರೋ ಹಾಕಿದ ನಾಲ್ಕು ಅವರೆ ಗಿಡ ಹಸಿರಾಗಿದ್ದವು. ಅರ್ಧ ದಿನ ರಜೆ ಹಾಕಿ, ಸಜ್ಜೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹೋಳಿಗೆ ಕಟ್ಟಿಕೊಂಡು ಅಲ್ಲಿಗೇ ಹೋದೆವು.

ಟೀವಿಯವರಿಗೆ ಉತ್ತರ ಕರ್ನಾಟಕದವರೆಂದರೆ ಎರಡೇ ವೇಷ. ಬಾಯಿ ಬಿಟ್ಟರೆ ಬೈಯುವ ಜೋಕರ್, ಇಲ್ಲವೇ ಗಂಟುಮೂಟೆ ಹೊತ್ತು ಬಸ್ಸಿಳಿಯುವ ಬಡಪಾಯಿ. ನಲ್ಲಿ ಬಂದಾಗ ಡ್ರಮ್ಮು ತುಂಬಿಸಿ, ಮಗಳಿಗೆ ಡಬ್ಬಿ ಕಟ್ಟಿ, ಸುಂಕದಕಟ್ಟೆಯಲ್ಲಿ ಬಸ್ಸು ಹಿಡಿದು, ದಿನವಿಡೀ ಯಾರದೋ ಅಂಗಿಯ ಹೊಲಿಗೆ ಪರೀಕ್ಷಿಸಿ, ವಾಪಸು ಬರುವಾಗ ಸೊಪ್ಪಿಗೆ ಚೌಕಾಸಿ ಮಾಡುವ ನನ್ನಂಥವಳು ಅವರ ಯಾವ ಧಾರಾವಾಹಿಗೂ ಬೇಡ. ಈಗ ನೋಡಿದರೆ ಈ ಫೋನಿನವರು ಮೂರನೆಯ ವೇಷ ಕಟ್ಟಿಬಿಟ್ಟರು.

ಸಂಜೆ ಮನೆಗೆ ಬರುವಷ್ಟರಲ್ಲಿ ಓನರ್ ಆಂಟಿ ಮೆಟ್ಟಿಲ ಮೇಲೆ ಕಾಯುತ್ತಿದ್ದರು. ಇದೇ ಊರಿನ ಹಳೇ ಒಕ್ಕಲು ಮನೆಯವರು, ಗದ್ದೆ ಹೊಲ ಎಲ್ಲ ಲೇಔಟಾಗುವುದನ್ನು ಕಂಡವರು. ಅವರ ಕೈಯಲ್ಲೂ ಅದೇ ವಿಡಿಯೋ.

"ನೋಡಮ್ಮ, ಈ ತಿಂಗ್ಳು ಕಳೀತಿದ್ದಂಗೆ ಮನೆ ಖಾಲಿ ಮಾಡ್ಬಿಡಿ," ಅಂದರು. "ಅದು ನಮ್ಮದೇ ಸೈಟು. ಮೈದುನನ ಜೊತೆ ಕೇಸು ನಡೀತಿದೆ. ಅವನೇ ನಿಮ್ ಕೈಲಿ ಮಾಟ ಮಾಡಿಸಿದ್ದಾನೋ ಏನೋ, ಯಾರಿಗ್ಗೊತ್ತು?"

ಸೈಟು ಅವರದೆಂದು ನನಗೆ ದೇವರಾಣೆಗೂ ಗೊತ್ತಿರಲಿಲ್ಲ. ಕೇಳಬೇಕೆಂದೂ ಹೊಳೆದಿರಲಿಲ್ಲ. ನಮ್ಮೂರಲ್ಲಿ ಆ ದಿನ ಯಾರ ಹೊಲ ಎಂದು ಯಾರೂ ಕೇಳುವುದಿಲ್ಲ. ಹೊಲವಿಲ್ಲದವರನ್ನು ಕರೆದು ಉಣ್ಣಿಸುತ್ತಾರೆ. ನನ್ನದು ತಪ್ಪೇ, ಒಪ್ಪುತ್ತೇನೆ. ಆದರೆ ಮಗಳ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಮೂರು ತಿಂಗಳಿತ್ತು. ಆ ಹುಡುಗಿ ಪುಸ್ತಕ ಎದೆಗವಚಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಅವಳನ್ನು ನೋಡಿ ನನ್ನ ನಾಲಿಗೆ ನನ್ನ ಮಾತು ಕೇಳಲಿಲ್ಲ.

"ಆಂಟಿ, ಹನ್ನೊಂದು ವರ್ಷ ನಿಮ್ಮ ಕಣ್ಣ ಮುಂದ ಅದೀನಿ. ನಿಮಗ ಆರಾಮಿಲ್ಲದಾಗ ಗಂಜಿ ಕಾಸಿ ಕೊಟ್ಟಾಕಿ ನಾನು. ಅದೆಲ್ಲಾ ಸುಳ್ಳಾತು, ಒಂದು ನಿಮಿಷ ಫೋನಿನ್ಯಾಗ ನೋಡಿದ್ದು ಖರೇ ಆತೇನ್ರಿ?"

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ಇವರು ಕಂಡೂ ಇರಲಿಲ್ಲ. ಆಂಟಿ ಮುಖ ತಿರುಗಿಸಿದರು. "ಸರಿ, ಇರಿ. ಆದ್ರೆ ಇನ್ಮೇಲೆ ಆ ಚೆಲ್ಲೋದು ಕೂಗೋದು ಏನಾದ್ರೂ ಕಂಡ್ರೆ ಅವತ್ತೇ ಖಾಲಿ ಮಾಡ್ಬೇಕು ಅಷ್ಟೇ," ಎಂದು ಕೆಳಗಿಳಿದರು. ನಾನು ಹೂಂ ಅಂದೆ.

ವಿಡಿಯೋ ಹಾಕಿದವನ ನಂಬರ್ ಹುಡುಕಿ ಫೋನ್ ಮಾಡಿದೆ. ತೆಗೆಯಪ್ಪಾ ಎಂದರೆ ಅವನು, "ವೈರಲ್ ಆಗೋಗಿದೆ ಮೇಡಂ. ಬೇಕಿದ್ರೆ ನಿಮ್ ಸ್ಟೋರಿನೂ ಮಾಡೋಣ. ಇಳಕಲ್ ಸೀರೆ ಉಟ್ಕೊಂಡು ರೊಟ್ಟಿ ತಟ್ತಾ ಮಾತಾಡಿ. ನಿಮ್ ಕಡೆ ಥರ ಸ್ವಲ್ಪ ಬೈದ್ರೆ ಸಕ್ಕತ್ತಾಗಿರುತ್ತೆ!" ಅಂದ. ಬೈದೆ. ರೊಟ್ಟಿ ತಟ್ಟದೆಯೇ ಬೈದೆ. ವಿಡಿಯೋ ಇವತ್ತಿಗೂ ಹಾಗೇ ಇದೆ.

ಮಗಳು ಪಾಸಾದಳು. ಆಂಟಿ ಮನೆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮರುವರ್ಷ ಎಳ್ಳಮವಾಸ್ಯೆ ಬಂತು. ಗಂಡ ಡ್ಯೂಟಿಗೆ ಹೋಗಿದ್ದ. ಹೊರಗೆ ಹೋಗುವ ಧೈರ್ಯವಾಗದೆ ಟೆರೇಸಿನಲ್ಲಿದ್ದ ಕರಿಬೇವು, ತುಳಸಿ, ಮೆಣಸಿನ ಕುಂಡಗಳ ಮುಂದೆಯೇ ಐದು ಕಲ್ಲಿಟ್ಟು ಪೂಜೆ ಮಾಡಿದೆ. ಬುಟ್ಟಿ ಎತ್ತಿಕೊಂಡಾಗ ಮಗಳು ನನ್ನ ಸೆರಗು ಜಗ್ಗಿದಳು.

"ಅಮ್ಮಾ, ಕೂಗ್ಬೇಡ. ಯಾರಾದ್ರೂ ವಿಡಿಯೋ ಮಾಡ್ತಾರೆ."

ಮನೆ ಬಿಡು ಎಂದಾಗಲೂ ನನಗೆ ಅಷ್ಟು ಸಂಕಟವಾಗಿರಲಿಲ್ಲ. ನಮ್ಮ ಹಬ್ಬವನ್ನು ನನ್ನ ಮಗಳು ಕಳ್ಳತನದಂತೆ ಪಿಸುಗುಟ್ಟುವ ಹಾಗಾಯಿತಲ್ಲ! ಆದದ್ದಾಗಲಿ ಎಂದು ಗಂಟಲು ಬಿಟ್ಟು ಕೂಗಿದೆ, "ಹುಲಿಗೋ! ಹುಲಿಗೋ!" ಎದುರು ಬಿಲ್ಡಿಂಗಿನ ಬಾಲ್ಕನಿಯಲ್ಲಿ ಎರಡು ಫೋನ್ ಎದ್ದವು.

"ವಿಡಿಯೋ ತಗೀರಿ, ಚಂದಂಗ ತಗೀರಿ!" ಎಂದೆ. "ಈ ಸಲ ಮುಖಾ ಮುಚ್ಚಬ್ಯಾಡ್ರಿ!"

ಹಿಂದೆ ಮೆಟ್ಟಿಲ ಬಾಗಿಲು ಕಿರ್ರೆಂದಿತು. ಆಂಟಿ. ಮಗಳು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಸಾಮಾನು ಕಟ್ಟಬೇಕು ಅಂದುಕೊಂಡೆ. ಆಂಟಿ ಕಲ್ಲುಗಳನ್ನು ನೋಡಿದರು, ಕುಂಡಗಳನ್ನು ನೋಡಿದರು, ಕೆಳಗಿದ್ದ ಚೊಂಬನ್ನೂ ನೋಡಿದರು.

"ನಮ್ಮತ್ತೆನೂ ರಾಗಿ ಕಣದಲ್ಲಿ ಎಡೆ ಇಡೋರು," ಅಂದರು. "ಹಿಂದಿಂದ ನೀರು ಹಾಕೋರು ಯಾರೂ ಇಲ್ವೇನಮ್ಮ?"

ವರ್ಷದ ಸಿಟ್ಟು ಇನ್ನೂ ಇಳಿದಿರಲಿಲ್ಲ. ಚೊಂಬು ಎತ್ತಿ ಅವರ ಕೈಗೆ ಕೊಟ್ಟು, ಮುಂದಿನ ಕುಂಡದ ಕಡೆ ನಡೆದೆ.