ಎದುರುಮನೆಯ ಅವ್ವ ನಂಬದ ಸಾವು

ಎದುರುಮನೆಯ ಅವ್ವನ ಬಲಗೈ ಹೆಬ್ಬೆರಳಿನ ಉಗುರು ದಪ್ಪಗಿತ್ತು, ಅರಿಶಿನ ಹಿಡಿದು ಹಳದಿಯಾಗಿತ್ತು, ತುದಿಯಲ್ಲಿ ಸ್ವಲ್ಪ ಬಾಗಿತ್ತು. ಬದನೆಕಾಯಿ ಎಳೆಯದೋ ಬಲಿತದ್ದೋ ಎಂದು ಅದನ್ನು ಊರಿ ನೋಡುತ್ತಿದ್ದಳು. ಬದನೆಕಾಯಿಗಷ್ಟೇ ಆಗಿದ್ದರೆ ಸರಿ. ಹಾಲಿನ ಪಾಕೀಟು, ಸಾಬೂನು, ಹೊಸ ಕೊಡ, ನಮ್ಮಪ್ಪ ಮಾಡಿಸಿದ ಬಾಗಿಲಿನ ಕಟ್ಟಿಗೆ, ಎಲ್ಲದರ ಮೇಲೂ ಆ ಉಗುರಿನ ಗುರುತು ಬೀಳಲೇಬೇಕು. ನೋಡಿ ಮುಗಿದ ಮೇಲೆ "ಹ್ಞೂಂ" ಎನ್ನುತ್ತಿದ್ದಳು. ಅದು ಒಪ್ಪಿಗೆಯಲ್ಲ, ಸದ್ಯಕ್ಕೆ ಬಿಟ್ಟಿದ್ದೇನೆ ಎಂದರ್ಥ.

ರಾಯಚೂರಿನ ನಮ್ಮ ಓಣಿಯಲ್ಲಿ ಆಕೆ ನಂಬಿದವರು ಯಾರೂ ಇರಲಿಲ್ಲ. ತವರು ದೇವದುರ್ಗದ ಕಡೆಯ ಗೂಗಲ್ ಎಂಬ ಹಳ್ಳಿ. ಗಂಡ ಅಕ್ಕಿ ಗಿರಣಿಯಲ್ಲಿ ಮುನೀಮನಾಗಿದ್ದು ತೀರಿಕೊಂಡಿದ್ದ. ಕರೆಂಟಿನ ಮೀಟರ್ ನೋಡಲು ಬಂದವನನ್ನು ಕಟ್ಟೆಯ ಮೇಲೆ ಕೂರಿಸಿ, ಅವನ ಊರು ಕೇಳಿ, ಆ ಊರಿನ ತನ್ನ ಬೀಗರಿಗೆ ಫೋನು ಹಚ್ಚಿ, ಖಾತ್ರಿಯಾದ ಮೇಲೆಯೇ ಒಳಗೆ ಬಿಡುತ್ತಿದ್ದಳು. ನಾನು ಮಾನ್ವಿಯ ಶಾಲೆಯೊಂದರಲ್ಲಿ ಟೀಚರ್, ದಿನಾ ಬಸ್ಸಿನಲ್ಲಿ ಹೋಗಿಬರುವವಳು. ಸ್ವಲ್ಪ ತಡವಾದರೆ ಆಕೆಯ ಕಿಟಕಿ ತೆರೆಯುತ್ತಿತ್ತು.

"ಯಾಕ ಬೇ ಟೀಚರ, ಇವತ್ತ ಬಸ್ ನಡಕೋತ ಬಂತೇನು?"

"ಟೈರ್ ಪಂಚರ್ ಆಗಿತ್ತು ಯವ್ವಾ."

"ಯಾವ ಕಡಿ ಟೈರು?"

ನನಗೆ ಮೈ ಉರಿದುಹೋಗುತ್ತಿತ್ತು. ನಾನೂ ಸುಮ್ಮನಿರುವವಳಲ್ಲ. "ಡ್ರೈವರ್ ನಂಬರ್ ಕೊಡ್ತೀನಿ, ಕೇಳ್ಕೋ" ಎಂದು ರಪ್ಪನೆ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಆಕೆಗೆ ಬೇಜಾರೇ ಇಲ್ಲ. ಮರುದಿನ ಮತ್ತೆ ಕಿಟಕಿ ತೆರೆಯುತ್ತಿತ್ತು.

ಒಂದು ಬೇಸಿಗೆಯಲ್ಲಿ ನನ್ನ ತಮ್ಮನಿಗೆ ಶಾರ್ಟ್ ಫಿಲಮ್ಮಿನ ಹುಚ್ಚು ಹಿಡಿಯಿತು. ಅವನ ಗೆಳೆಯನೊಬ್ಬ ಡೈರೆಕ್ಟರ್, ಅಂದರೆ ಒಳ್ಳೆಯ ಫೋನು ಅವನದು. ಕತೆ ಇಷ್ಟೇ: ತಾನು ಸತ್ತರೆ ಯಾರು ಯಾರು ಅಳುತ್ತಾರೆ ನೋಡೋಣ ಎಂದು ಹುಡುಗನೊಬ್ಬ ತಮಾಷೆಗೆ ಹೆಣವಾಗಿ ಕೂರುತ್ತಾನೆ. ನಮ್ಮವರಲ್ಲಿ ಹೆಣವನ್ನು ಮಲಗಿಸುವುದಿಲ್ಲ. ಗೋಡೆಗೆ ಒರಗಿಸಿ ಕೂರಿಸಿ, ಗದ್ದದ ಕೆಳಗೆ ಬಟ್ಟೆ ಹಾಯಿಸಿ, ತಲೆ ವಾಲದಂತೆ ಅದನ್ನು ಮೇಲೆ ಕಿಟಕಿಯ ಸರಳಿಗೆ ಕಟ್ಟುತ್ತಾರೆ. ಮೂಗಿಗೆ ಹತ್ತಿ, ಹಣೆಗೆ ವಿಭೂತಿ, ಮುಂದೆ ಭಜನೆ. ಇದೆಲ್ಲ ಥೇಟ್ ಹಾಗೇ ಬೇಕೆಂದು ಡೈರೆಕ್ಟರನ ಹಟ. ನಟಿಸಿದ ಅಳು ಸುಳ್ಳಾಗಿ ಕಾಣುತ್ತದೆಂದು ಓಣಿಯವರಿಗೆ ವಿಷಯವನ್ನೇ ಹೇಳಲಿಲ್ಲ. ಫೋನನ್ನು ಅಲಮಾರಿಯ ಡಬ್ಬಿಗಳ ನಡುವೆ ಅಡಗಿಸಿಟ್ಟು, ಹುಡುಗ ಹೋಗಿಬಿಟ್ಟ ಎಂದು ಭಜನೆಯ ಹಿರಿಯರಿಗೆ ಹೇಳಿಕಳಿಸಿದರು. ಅಪ್ಪ ಅಮ್ಮ ನೀರಮಾನ್ವಿ ಎಲ್ಲಮ್ಮನ ಗುಡಿಗೆ ಹೋಗುವ ದಿನವನ್ನೇ ಕಾದು ಹಿಡಿದಿದ್ದರು. ನಾನು ಸಂಜೆಗೆ ಬರುವವಳೆಂದು ಅವರ ಲೆಕ್ಕ. ಶನಿವಾರ ಅರ್ಧ ದಿನದ ಶಾಲೆ ಎಂಬುದು ಆ ಜಾಣರಿಗೆ ನೆನಪಾಗಲಿಲ್ಲ.

ಓಣಿಯ ತಿರುವಿನಲ್ಲೇ ಭಜನೆ ಕೇಳಿಸಿತು. ನಮ್ಮ ಬಾಗಿಲ ಮುಂದೆ ಚಪ್ಪಲಿಗಳ ರಾಶಿ. ಒಳಗೆ ನನ್ನ ತಮ್ಮ ಕೂತಿದ್ದ, ಗದ್ದಕ್ಕೆ ಬಿಳಿ ಬಟ್ಟೆ, ಕೊರಳ ತುಂಬ ಸೇವಂತಿಗೆ ಹಾರ. ಬೆಳಿಗ್ಗೆ ನನ್ನ ಡಬ್ಬಿಯಿಂದ ಚಪಾತಿ ಕದ್ದು ತಿಂದವನು! ಕೈಯಲ್ಲಿದ್ದ ಚೀಲ ಎಲ್ಲಿ ಬಿತ್ತೋ ಗೊತ್ತಿಲ್ಲ. ಅವನ ಕಾಲು ಹಿಡಿದು ಏನೇನು ಹಾಡಿಕೊಂಡು ಅತ್ತೆನೋ ಅದೂ ಗೊತ್ತಿಲ್ಲ. ನನ್ನನ್ನು ನೋಡಿ ಡೈರೆಕ್ಟರನಿಗೆ ಗಾಬರಿಯಾಯಿತಂತೆ, ಆದರೆ ಇಂಥ ಅಳು ಮತ್ತೆ ಸಿಗುವುದಿಲ್ಲವೆಂದು ಇನ್ನೊಂದಿಷ್ಟು ಹೊತ್ತು ಸುಮ್ಮನಿದ್ದನಂತೆ. ಆಮೇಲೆ ಅವನೇ ಹೇಳಿದ್ದು. ಅವನ ಬಾಯಿಗೆ ಮಣ್ಣು ಹಾಕ!

ಎದುರುಮನೆಯ ಅವ್ವ ಬಂದವಳು ಅಳಲಿಲ್ಲ. ಹೊಸ್ತಿಲಲ್ಲೇ ನಿಂತು ಮನೆ ತುಂಬ ಕಣ್ಣಾಡಿಸಿದಳು.

"ಎಷ್ಟೊತ್ತಿಗೆ ಹೋದ?"

"ಮುಂಜಾನೆ, ಎದಿ ನೋವು ಬಂದು" ಅಂದ ಡೈರೆಕ್ಟರ್.

"ಮುಂಜಾನಿ ನನ್ನ ಕಿಡಕ್ಯಾಗ ಹಣಿಕಿ ಹಲ್ಲ ಕಿಸ್ದು ಹೋಗ್ಯಾನ. ದವಾಖಾನಿಗೆ ಯಾರ್ ಒಯ್ದ್ರಿ? ಆಟೋ ಬಂದದ್ದು ನಾ ನೋಡಿಲ್ಲಲ್ಲ?"

ಓಣಿಗೆ ಆಟೋ ಬಂದರೆ ಆಕೆ ನೋಡದೆ ಇರುವುದುಂಟೆ? ಡೈರೆಕ್ಟರ್ ತೊದಲಿದ. ಹೆಣದ ಮುಂದೆ ಇದೆಂಥ ಮಾತು ಎಂದು ಯಾರೋ ಗದರಿದರು. ಆಕೆ ಕೇಳಿಸಿಕೊಳ್ಳದೆ ತಮ್ಮನ ಎದುರು ಕುಕ್ಕರುಗಾಲಲ್ಲಿ ಕೂತಳು. ಅವನ ಹಣೆಯ ವಿಭೂತಿ ಕರಗಿ ಹುಬ್ಬಿನ ಮೇಲೆ ಇಳಿದಿತ್ತು.

"ಹೆಣ ಬೆವರತದೇನ್ರಲೇ?"

ಸಿಕ್ಕಿಬಿದ್ದೆವೆಂದು ಹುಡುಗರು ನಕ್ಕುಬಿಟ್ಟರು. "ಕಟ್, ಕಟ್! ಏಳಲೇ, ಮುಗೀತು" ಅಂದ ಡೈರೆಕ್ಟರ್. ನಾನು ಕಣ್ಣೊರೆಸಿಕೊಂಡೆ. ಎದ್ದ ಕೂಡಲೇ ನಾಲ್ಕು ಬಿಗಿಯಬೇಕೆಂದು ಕೈ ಎತ್ತಿಕೊಂಡು ನಿಂತೆ. ಅವನು ಏಳಲಿಲ್ಲ. ನಾಟಕ ಸಾಕು ಎಂದು ಭಜನೆಯ ಹಿರಿಯರೂ ಬೈದರು. ಅಷ್ಟೊತ್ತು ಸಾವನ್ನು ನಂಬಿದ್ದ ಎಲ್ಲರೂ ಈಗ ನಾಟಕವನ್ನು ನಂಬಿದ್ದರು. ಅದನ್ನೂ ನಂಬದವಳು ಆಕೆಯೊಬ್ಬಳೇ. ಹೆಬ್ಬೆರಳಿನ ಉಗುರನ್ನು ಅವನ ಕಿವಿಯ ಹಾಲೆಗೆ ಬಲವಾಗಿ ಊರಿದಳು. ಅವನು ಮಿಸುಕಲಿಲ್ಲ.

"ಇವ ನಾಟಕ ಮಾಡಾಕತ್ತಿಲ್ಲ! ಗದ್ದದ ಬಟ್ಟಿ ಬಿಚ್ಚರ್ರಿ, ಲಗು ಬಿಚ್ಚರ್ರಿ!"

ಸುಡುವ ಮಧ್ಯಾಹ್ನ. ಸದ್ದು ಬರುತ್ತದೆಂದು ಫ್ಯಾನನ್ನೂ ಆರಿಸಿದ್ದರು. ಬಹಳ ಹೊತ್ತಿನಿಂದ ನೀರಿಲ್ಲದೆ ಕೂತಿದ್ದವನು ಎಚ್ಚರ ತಪ್ಪಿ ಕೆಳಗೆ ಜಾರಿದ್ದ. ಗದ್ದದ ಬಟ್ಟೆ ಕೊರಳಿಗೆ ಬಂದು ಬಿಗಿದಿತ್ತು, ಹಾರದ ಹಿಂದೆ ಯಾರಿಗೂ ಕಂಡಿರಲಿಲ್ಲ. ಶಿವನೇ, ಅವನು ಸತ್ತನೆಂದು ನಾವು ಅಳುತ್ತಿದ್ದಾಗ ಅವನು ನಮ್ಮೆದುರೇ ಸಾಯುತ್ತಿದ್ದ! ಅವ್ವ ಮೂಗಿನ ಹತ್ತಿ ಕಿತ್ತಳು. ನಾನು ಚಾಕು ತಂದು ಬಟ್ಟೆ ಕೊಯ್ದೆ. ನೆಲಕ್ಕೆ ಮಲಗಿಸಿದಾಗ ತುಟಿ ನೀಲಿಯಾಗಿತ್ತು. ಆಮೇಲೆ ಒಂದು ದೊಡ್ಡ ಉಸಿರು ಎಳೆದು ಕೆಮ್ಮಿದ. ಆಸ್ಪತ್ರೆಯ ಡಾಕ್ಟರ್ "ಇನ್ನೊಂದು ಸ್ವಲ್ಪ ತಡ ಆಗಿದ್ರ ಉಳೀತಿದ್ದಿಲ್ಲ" ಎಂದರು.

ಅವನು ಮನೆಗೆ ಬಂದ ಮೇಲೆ ಅಪ್ಪ ಅಮ್ಮ ಸೀರೆ, ಹಣ್ಣು ತೆಗೆದುಕೊಂಡು ಎದುರುಮನೆಗೆ ಹೋದರು. ಆಕೆ ಸೀರೆಯ ಅಂಚನ್ನು ಒದ್ದೆ ಬೆರಳಿನಿಂದ ತಿಕ್ಕಿ ಬಣ್ಣ ಬಿಡುತ್ತದೆಯೇ ಎಂದು ನೋಡಿದಳು. "ಇಷ್ಟ ದಿನ ಇಲ್ಲದ ಸೀರಿ ಈಗ್ಯಾಕ? ನಿಮ್ಮ ಮನಿ ಕಟ್ಟಿ ಓಣ್ಯಾಗ ಮುಂದಕ ಚಾಚೂ ವಿಚಾರ ಅದೇನು?"

ಇದಕ್ಕೆ ನಾವೆಲ್ಲ ನಕ್ಕೆವು. ಆದರೆ ನನ್ನೊಬ್ಬಳನ್ನೇ ಕರೆದು ಕೇಳಿದ ಮಾತಿಗೆ ನನಗೆ ನಗು ಬರಲಿಲ್ಲ.

"ಖರೇ ಹೇಳ ಬೇ. ನಿನಗ ಮದಲ ಗೊತ್ತಿತ್ತು ಹೌದಿಲ್ಲೋ? ಸಿನಿಮಾದ ಸಲುವಾಗಿ ಅತ್ತಿ."

ಎಲ್ಲಮ್ಮನ ಆಣೆ ಮಾಡಿದೆ. "ಹ್ಞೂಂ" ಅಂದಳು. ಕೂಗಾಡಿ ಬಂದೆ, ಮನೆಯಲ್ಲಿ ಕೂತು ಅತ್ತೆ. ತಮ್ಮನನ್ನು ಉಳಿಸಿಕೊಟ್ಟವಳ ಮೇಲೆ ಸಿಟ್ಟಾಗುವಂತಿಲ್ಲ, ಆಗದೆ ಇರಲೂ ಆಗುವುದಿಲ್ಲ. ನನ್ನ ಜೀವ ಹೋಗುವಂತೆ ಅತ್ತದ್ದನ್ನು ಸುಳ್ಳು ಅಂದಳಲ್ಲ ಎಂಬ ನೋವು ಹಾಗೇ ಉಳಿಯಿತು. ತಮ್ಮ ದಿನಾ ಆಕೆಗೆ ನೀರಿನ ಕ್ಯಾನು ಹೊತ್ತು ಕೊಡುತ್ತಿದ್ದ. ಆಕೆ ಮುಚ್ಚಳ ಪರೀಕ್ಷಿಸಿಯೇ ಇಳಿಸಿಕೊಳ್ಳುತ್ತಿದ್ದಳು. ನನ್ನನ್ನು ಕಂಡಾಗಲೆಲ್ಲ ಅದೇ ಪ್ರಶ್ನೆ ಕೇಳುತ್ತಿದ್ದಳು.

ಹೋದ ವರ್ಷ ಕಾಯಿಲೆ ಬಿದ್ದು ದೇವದುರ್ಗದ ಮಗಳ ಮನೆ ಸೇರಿದಳು. ನಾನೂ ತಮ್ಮನೂ ನೋಡಲು ಹೋದೆವು. ಮೈ ಅರ್ಧಕ್ಕರ್ಧ ಇಳಿದುಹೋಗಿತ್ತು. ಮಗಳು ಕೊಟ್ಟ ಗುಳಿಗೆಯನ್ನು ನುಂಗದೆ ಚೀಟಿಯ ಸಮೇತ ನನ್ನ ಕೈಗಿಟ್ಟಳು. "ನೀ ಓದಿ ಹೇಳ ಬೇ, ನುಂಗಲೇನು?"

ಓದಿ, ನುಂಗು ಯವ್ವಾ ಎಂದೆ. ನುಂಗಿದಳು. ನನಗೆ ತಡೆಯಲಾಗಲಿಲ್ಲ, ಗಟ್ಟಿಯಾಗಿ ಅತ್ತುಬಿಟ್ಟೆ. ಆಕೆ ಬಹಳ ಹೊತ್ತು ನನ್ನ ಮುಖ ನೋಡಿದಳು.

"ಅವತ್ತೂ ಹಿಂಗ ಅತ್ತಿದ್ದಿ. ಹಂಗಾದ್ರ ನಿನಗ ಗೊತ್ತಿದ್ದಿಲ್ಲ."

"ಗೊತ್ತಿದ್ದಿಲ್ಲ ಯವ್ವಾ."

"ನಾ ಸುಳ್ಳೇ ಅನಮಾನ ಮಾಡಿದೆ ನೋಡ" ಎಂದು ನನ್ನ ಕೈ ಹಿಡಿದುಕೊಂಡಳು.

ಅದೇ ವಾರ ಹೋದಳು. ಆಕೆಯ ಇಚ್ಛೆಯಂತೆ ಗೂಗಲ್‌ಗೆ ಒಯ್ದು, ತವರುಮನೆಯ ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಭಜನೆ ನಡೆದಿತ್ತು. ತಮ್ಮ ಎಲ್ಲರನ್ನೂ ದಾಟಿ ಹೋಗಿ ಆಕೆಯ ಎದುರು ಕೂತ. ಹಾರ ಸರಿಸಿದ. ಗದ್ದದ ಬಟ್ಟೆಯೊಳಗೆ ಎರಡು ಬೆರಳು ತೂರಿಸಿ ನೋಡಿ, "ಬಿಗಿ ಆಗ್ಯದ" ಎಂದು ಗಂಟನ್ನು ಸ್ವಲ್ಪ ಸಡಿಲಿಸಿದ.