ಹಂಗಾಮಿ ಪಟ್ಟಕ್ಕೆ ಕರುವಾಡು ಸಾರು

ಕೋಲಾರದ ಚಿನ್ನದ ಗಣಿ ಊರು ಉರಿಗಾಂನ ಲೈನ್‌ಮನೆಗಳಲ್ಲಿ ವನಿತಾ ಅಂತ ಒಬ್ಬಳಿದ್ದಾಳೆ. ಕತೆಯಲ್ಲಿ ‘ಇದ್ದಳು’ ಅನ್ನುವುದು ವಾಡಿಕೆ. ಇವಳು ಈಗಲೂ ಇದ್ದಾಳೆ. ಅನುಮಾನವಿದ್ದರೆ ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ ಹಿಂದಿನ ಅಂಗಡಿಗೆ ಹೋಗಿ ಒಂದು ಬ್ಲೌಸ್ ಹೊಲಿಯಲು ಕೊಟ್ಟು ಬನ್ನಿ. ಹೇಳಿದ ದಿನಕ್ಕೆ ಕೊಡುವುದಿಲ್ಲ, ಆದರೆ ಕೊಟ್ಟ ಮೇಲೆ ತೋಳು ಬಿಗಿ ಹಿಡಿಯುವುದಿಲ್ಲ. ಆಟೋ ಓಡಿಸುವ ವೇಣುವಿನ ಹೆಂಡತಿ, ಮಾರಿಯಮ್ಮನ ಸೊಸೆ. ಸಂಜೆಯಾದರೆ ಹೊಲಿಗೆ ಮಿಷನ್‌ಗೆ ಬಟ್ಟೆ ಹೊದಿಸಿ, ಹಳೆಯ ಕ್ಲಬ್ ಹಾಲ್‌ಗೆ ಹೋಗುತ್ತಾಳೆ. ಗುದ್ದು, ಒದೆ, ಕುಸ್ತಿ ಮೂರೂ ಕಲೆತ ಆಟ ಅಲ್ಲಿಯದು. ಎಂಎಂಎ ಅನ್ನುತ್ತಾರೆ.

ಕಲಿಸುವವನು ಶ್ರೀಧರ್ ಮಾಸ್ಟರ್. ಆಟಕ್ಕಿಂತ ಆಟದ ಕತೆ ಹೇಳುವುದೇ ಅವನಿಗೆ ಪ್ರೀತಿ. ಅಮೆರಿಕದಲ್ಲಿ ತೊಂಬತ್ತಮೂರರಲ್ಲಿ ಇದು ಶುರುವಾದಾಗ ತೂಕದ ಮಾತೇ ಇರಲಿಲ್ಲವಂತೆ. ಆನೆಯಂಥವನೂ ಆಡಿನಂಥವನೂ ಒಂದೇ ಬೇಲಿಯೊಳಗೆ. ಒಬ್ಬರಾದ ಮೇಲೆ ಒಬ್ಬರನ್ನು ಕೆಡವಿ ಕೊನೆಗೆ ಉಳಿದವನೇ ದೊರೆ. ನಾಲ್ಕು ವರ್ಷದ ಮೇಲೆ ಭಾರದವರು, ಹಗುರದವರು ಅಂತ ಎರಡು ಪಾಲಾಯಿತು. ಆಮೇಲೆ ಅಣ್ಣತಮ್ಮಂದಿರ ಹೊಲದ ಹಾಗೆ ಪಾಲಿನಲ್ಲಿ ಪಾಲು, ಪ್ರತಿ ಪಾಲಿಗೊಂದು ಪಟ್ಟ, ಪಟ್ಟಕ್ಕೊಂದು ಬೆಲ್ಟು. ನೊಣದ ತೂಕ, ಹುಂಜದ ತೂಕ, ಗರಿಯ ತೂಕ ಅಂತ ಹೆಸರುಗಳು. ಹೆಂಗಸರಿಗೆ ಪಾಲು ಸಿಕ್ಕಿದ್ದು ಬಹಳ ತಡವಾಗಿ. ಅದರಲ್ಲಿ ಐವತ್ತೆರಡು ಕಿಲೋದವರದು ಹುಲ್ಲುಕಡ್ಡಿ ತೂಕ.

ನಮ್ಮ ಕ್ಲಬ್ಬೂ ಅದೇ ದಾರಿ ಹಿಡಿಯಿತು. ಮೊದಲ ಪಂದ್ಯಾವಳಿಗೆ ಬಂದ ಹೆಂಗಸರೇ ಬೆರಳೆಣಿಕೆ, ತೂಕ ಕೇಳಿದವರಿಲ್ಲ. ವನಿತಾ ತನ್ನ ಒಂದೂವರೆಯಷ್ಟಿದ್ದ ಕಲ್ಪನಳನ್ನು ಕೆಡವಿ ಬೆಲ್ಟು ಗೆದ್ದಳು. ಆ ಬೆಲ್ಟು ಹೊಲಿದವಳೂ ಅವಳೇ. ಕೆಂಪು ರೆಕ್ಸಿನ್, ನಡುವೆ ಹಿತ್ತಾಳೆ ಬಿಲ್ಲೆ. ಮದುವೆ ಉಡುಗೊರೆ ಪಾತ್ರೆಗೆ ಹೆಸರು ಕೊರೆಯುವ ಅಂಗಡಿಯಲ್ಲಿ ಅದರ ಮೇಲೆ ಚುಕ್ಕಿಚುಕ್ಕಿಯಾಗಿ ‘ಚಾಂಪಿಯನ್’ ಅಂತ ಕೊರೆಸಿದ್ದರು. ಮುಂದೆ ತೂಕದ ಪಾಲು ಬಂದು ಬೆಲ್ಟುಗಳು ಹೆಚ್ಚಾದವು. ಎಲ್ಲರ ಮೇಲಿದ್ದ ವನಿತಾಳ ಪಟ್ಟ ಐವತ್ತೆರಡು ಕಿಲೋದವರಿಗಷ್ಟೇ ಅಂತಾಯಿತು. ಇದನ್ನು ಕೇಳಿದ ಮಾರಿಯಮ್ಮ ಬೀದಿಗೆಲ್ಲ ಸಾರಿದಳು. “ನಮ್ ಸೊಸೆ ಈಗ ಹುಲ್ಲುಕಡ್ಡಿ ರಾಣಿ ಕಣ್ರಮ್ಮಾ.”

ಅತ್ತೆಯ ಮಾತು ತಡೆದುಕೊಳ್ಳಬಹುದು. ತಡೆಯಲಾಗದ್ದು ಆಮೇಲೆ ಬಂತು.

ಬಂಗಾರಪೇಟೆ ಪಕ್ಕದ ಹಳ್ಳಿಯ ಸೀನಪ್ಪನ ಮಗಳು ಶ್ಯಾಮಲ. ಬೆಳಿಗ್ಗೆ ಡೈರಿಗೆ ಹಾಲು ಹಾಕಿ, ಟ್ರೈನ್ ಹತ್ತಿ ಬರುವ ಹುಡುಗಿ. ಬ್ಲೌಸ್ ಹೊಲಿಸಲು ಬಂದಿದ್ದಾಗ ಅವಳ ಭುಜಕ್ಕೆ ಟೇಪು ಹಿಡಿದ ವನಿತಾ, ಇದು ಬ್ಲೌಸಿನಲ್ಲಿ ಮುಚ್ಚಿಡುವ ಭುಜವಲ್ಲ ಅಂತ ತಾನೇ ಕೈಹಿಡಿದು ಕ್ಲಬ್ಬಿಗೆ ಕರೆತಂದಳು. ಗುದ್ದು ಕಲಿಸಿದಳು, ಬಿದ್ದರೆ ಏಳುವುದು ಕಲಿಸಿದಳು. ಇಬ್ಬರದೂ ಒಂದೇ ತೂಕ ಅನ್ನುವುದು ಆಗ ಸಂತೋಷದ ಮಾತಾಗಿತ್ತು.

ವನಿತಾಳ ಮಂಡಿ ತಿರುಚಿಕೊಂಡಿತು. ಗಾಯವಾದವಳ ಪಟ್ಟ ಕಿತ್ತುಕೊಳ್ಳುವ ಹಾಗಿಲ್ಲ, ಪಟ್ಟ ಸುಮ್ಮನೆ ಕೂರುವ ಹಾಗೂ ಇಲ್ಲ. ಅದಕ್ಕೂ ದೊಡ್ಡವರು ದಾರಿ ಮಾಡಿದ್ದಾರೆ ಅಂದ ಶ್ರೀಧರ್: ಹಂಗಾಮಿ ಪಟ್ಟ. ಅಸಲಿಯವಳು ಎದ್ದು ಬರುವವರೆಗೆ ಇನ್ನೊಬ್ಬ ಚಾಂಪಿಯನ್, ಇನ್ನೊಂದು ಬೆಲ್ಟು. ಶ್ಯಾಮಲ ಅದನ್ನು ಗೆದ್ದಳು. ಬೆಲ್ಟು ಹೊಲಿಯುವ ಕೆಲಸ ವನಿತಾಳಿಗೇ ಬಂತು.

ಸವತಿಗೆ ತಾನೇ ರವಿಕೆ ಹೊಲಿದ ಹಾಗಾಯಿತು. ಕಾಲು ಚಾಚಿಕೊಂಡು, ಒಂದೊಂದು ಹೊಲಿಗೆಗೂ ಒಂದೊಂದು ಶಾಪ ಹಾಕುತ್ತ ಹೊಲಿದಳು. ತನ್ನ ಸೊಂಟದ ಅಳತೆಯನ್ನೇ ಹಿಡಿದು, ಅದರಲ್ಲಿ ಅರ್ಧ ಇಂಚು ಬೇಕೆಂದೇ ಕಡಿಮೆ ಮಾಡಿದಳು. ಎಲ್ಲರೆದುರು ಬಟನ್ ಹಾಕಿಕೊಳ್ಳಲಾಗದೆ ಒದ್ದಾಡಲಿ ಅಂತ. ಶ್ಯಾಮಲ ನಗುತ್ತ ಬಂದಳು, ಬೆಲ್ಟು ಸುತ್ತಿದಳು, ಬಟನ್ ಟಕ್ಕೆಂದು ಕೂತಿತು. ಇವಳ ಸೊಂಟವೂ ನನಗಿಂತ ಸಣ್ಣದೇ ಅಂತ ವನಿತಾಳ ಹೊಟ್ಟೆಯಲ್ಲಿ ಒಲೆ ಹತ್ತಿತು. ಬಂಗಾರಪೇಟೆ ಬಸ್‌ಸ್ಟ್ಯಾಂಡಿನ ಬ್ಯಾನರಿನಲ್ಲಿ ‘ಹಂಗಾಮಿ’ ಅನ್ನುವ ಪದ ಬಿಟ್ಟು ಬರೀ ‘ಚಾಂಪಿಯನ್ ಶ್ಯಾಮಲ’ ಅಂತ ಹಾಕಿಸಿದ್ದನ್ನು ವೇಣು ಬಂದು ಹೇಳಿದಾಗ ಆ ಒಲೆಗೆ ಸೀಮೆಎಣ್ಣೆ ಸುರಿದಂತಾಯಿತು.

ಮಂಡಿ ವಾಸಿಯಾಯಿತು. ಎರಡು ಬೆಲ್ಟನ್ನು ಒಂದು ಮಾಡುವ ಪಂದ್ಯ ಗೊತ್ತಾಯಿತು. ಶ್ರೀಧರ್ ಇಬ್ಬರನ್ನೂ ಕೂರಿಸಿ ನಿಯಮ ಹೇಳಿದ. ಬೇರೆ ಪಂದ್ಯಕ್ಕಾದರೆ ತೂಕದಲ್ಲಿ ಅಷ್ಟಿಷ್ಟು ರಿಯಾಯಿತಿ ಉಂಟು, ಪಟ್ಟದ ಪಂದ್ಯಕ್ಕೆ ಇಲ್ಲ. ತೂಕ ತಪ್ಪಿದವಳು ಪಂದ್ಯ ಗೆದ್ದರೂ ಅವಳಿಗೆ ಪಟ್ಟ ಸಿಗದು. ವನಿತಾಳ ಕಿವಿಗೆ ಬಿದ್ದದ್ದು ಇಷ್ಟೇ: ಶ್ಯಾಮಲ ತೂಕ ತಪ್ಪಿದರೆ ಸಾಕು.

ತೂಕ ನೋಡುವುದು ಬೆಳಗಿನ ಜಾವ. ಮೊದಲ ಟ್ರೈನಿಗೆ ಬಂದರೂ ತಡವಾಗುತ್ತದೆಂದು, ಎಂದಿನಂತೆ ಶ್ಯಾಮಲ ಹಿಂದಿನ ದಿನವೇ ವನಿತಾಳ ಮನೆಗೆ ಬಂದಳು. ಬೇಡವೆಂದಿದ್ದರೆ ಲೈನೆಲ್ಲ ಮಾತಾಡುತ್ತಿತ್ತು. ಮಧ್ಯಾಹ್ನದ ಊಟಕ್ಕೆ ವನಿತಾ ಮಾಡಿದ್ದು ಕರುವಾಡು ಸಾರು. ಕರುವಾಡು ಅಂದರೆ ಉಪ್ಪು ಮೆತ್ತಿ ಒಣಗಿಸಿದ ಮೀನು. ಅದರ ಉಪ್ಪೇ ಸಾಲದೆಂದು ಮೇಲೊಂದು ಹಿಡಿ ಹಾಕಿದಳು. ಉಪ್ಪು ತಿಂದವರು ನೀರು ಕುಡಿಯಬೇಕು, ಕುಡಿದ ನೀರನ್ನು ಉಪ್ಪು ಮೈಯಲ್ಲೇ ಹಿಡಿದಿಡುತ್ತದೆ. ತೂಕ ಇಳಿಸುವವರಿಗೆ ಇದು ಗೊತ್ತಿಲ್ಲದ್ದಲ್ಲ. ಆದರೆ ವಾರವಿಡೀ ಸಪ್ಪೆ ತಿಂದ ಹುಡುಗಿ ಆ ವಾಸನೆಗೆ ಸೋಲದೆ ಇರುತ್ತಾಳೆಯೇ?

ಮುದ್ದೆ ಮುಂದಿಟ್ಟರೆ ಶ್ಯಾಮಲ ಕೈ ಹಾಕಲಿಲ್ಲ. “ಒಬ್ಳೇ ಉಣ್ಣಲ್ಲ ಅಕ್ಕಾ. ನೀನೂ ಕುಂತ್ಕೋ.”

“ನಂಗೆ ಆಮ್ಯಾಕೆ.”

“ಅಂಗಾದ್ರೆ ನಂಗೂ ಆಮ್ಯಾಕೇ.”

ಮಾರಿಯಮ್ಮ ಬಾಗಿಲಿಂದಲೇ ಗದರಿದಳು. “ಕುಂತ್ಕೋಮ್ಮಾ. ಉಣ್ಣೋರ್ ಮುಂದೆ ನಿಂತ್ಕೊಂಡು ನೋಡಿದ್ರೆ ದೃಷ್ಟಿ ಆಗ್ತದೆ.”

ವನಿತಾ ಕೂತಳು, ತಟ್ಟೆಗೆ ಸಾರು ಮಾತ್ರ ಸವರಿಕೊಂಡಳು. ಅಷ್ಟರಲ್ಲಿ ಶ್ಯಾಮಲ ಒಂದು ತುತ್ತು ನುಂಗಿ, ತನ್ನ ತಟ್ಟೆಯ ಮೀನಿನ ತುಂಡೊಂದನ್ನು ಎತ್ತಿ ಅವಳ ತಟ್ಟೆಗಿಟ್ಟಳು. ಮಂಡಿ ನೋವಿನಲ್ಲಿ ಬಡವಾಗಿದ್ದೀಯ, ತಿನ್ನು ಅಂದಳು. ಇನ್ನೊಂದಿಟ್ಟಳು. ಮತ್ತೊಂದು. ಅತ್ತೆ ನೋಡುತ್ತಿದ್ದಾಳೆ, ಆ ಮನೆಯಲ್ಲಿ ತಟ್ಟೆಗೆ ಬಿದ್ದ ಕರುವಾಡನ್ನು ಬಿಟ್ಟೆದ್ದವರು ಯಾರೂ ಇಲ್ಲ. ತಾನೇ ಮಾಡಿದ ಸಾರನ್ನು ವನಿತಾ ತಾನೇ ಉಂಡಳು.

ಸಂಜೆಗೆ ವನಿತಾಳ ನಾಲಿಗೆ ಒಣಗಿ ಚರ್ಮವಾಯಿತು. ಶ್ಯಾಮಲ ಬೆವರಲೆಂದು ವೇಣುವಿನ ಸ್ವೆಟರ್ ತೊಟ್ಟು, ಗಣಿಯ ಮಣ್ಣು ಸುರಿದ ಸೈನೈಡ್ ದಿಬ್ಬದ ಮೇಲೆ ಓಡಲು ಹೋದಳು. ವಾಸಿಯಾದ ಮಂಡಿ ಮತ್ತೆ ಕೈಕೊಟ್ಟೀತೆಂದು ವನಿತಾ ಓಡಲಿಲ್ಲ. ನೀರಿನ ಕೊಡದ ಹತ್ತಿರ ಹೋಗುವಳು, ಬರುವಳು. ಕೊನೆಗೆ ಚೊಂಬೆತ್ತಿ ಗಟಗಟ ಕುಡಿದೇಬಿಟ್ಟಳು.

ಬೆಳಿಗ್ಗೆ ಶ್ಯಾಮಲ ಸರಿಯಾಗಿ ಐವತ್ತೆರಡು ತೂಗಿದಳು. ವನಿತಾ ನಾನೂರು ಗ್ರಾಂ ಮೇಲೆ. ಒಂದು ಗಂಟೆ ಕೊಟ್ಟರು. ಕಂಬಳಿ ಹೊದ್ದು ಬೆವರಿದಳು, ಬಾಯಿ ಒಣಗುವವರೆಗೆ ಉಗಿದಳು, ಬಳೆ, ಕಾಲುಂಗುರ ಬಿಚ್ಚಿದಳು. ತಾಳಿಯನ್ನು ಮಾರಿಯಮ್ಮ ತನ್ನ ಮುಷ್ಟಿಯಲ್ಲಿ ಹಿಡಿದುಕೊಂಡು ಮುಖ ತಿರುಗಿಸಿ ನಿಂತಳು. ಆದರೂ ಮುಳ್ಳು ಒಂದು ಕೂದಲೆಳೆ ಆಚೆಯೇ ನಿಂತಿತು. ಪಟ್ಟ ಅಲ್ಲೇ ಹೋಯಿತು. ಇನ್ನು ಶ್ಯಾಮಲ ಗೆದ್ದರೆ ಅವಳದು, ವನಿತಾ ಗೆದ್ದರೆ ಯಾರದೂ ಅಲ್ಲ.

ಸಿಟ್ಟಿಗೋ ಸಂಕಟಕ್ಕೋ, ವನಿತಾ ಆ ದಿನ ಆಡಿದ ಹಾಗೆ ಎಂದೂ ಆಡಿರಲಿಲ್ಲ. ಮೂರನೇ ಸುತ್ತಿನಲ್ಲಿ ಶ್ಯಾಮಲಳ ಕತ್ತಿಗೆ ತೋಳು ಸುತ್ತಿ ಬಿಗಿದಳು. ಅವಳು ನೆಲ ತಟ್ಟಿ ಸೋಲೊಪ್ಪಿದಳು. ಕೈ ಎತ್ತಿ ಹಿಡಿದರು, ಚಪ್ಪಾಳೆ ತಟ್ಟಿದರು, ಸೊಂಟಕ್ಕೆ ಏನೂ ಕಟ್ಟಲಿಲ್ಲ. ಜನ ಹೋಗಿ ಸುತ್ತುವರಿದದ್ದು ಸೋತವಳನ್ನು, ಸಮಾಧಾನ ಮಾಡಲು. ಆ ಸಮಾಧಾನದ ಮೇಲೂ ವನಿತಾಳಿಗೆ ಹೊಟ್ಟೆಕಿಚ್ಚಾಯಿತು.

ಎಲ್ಲರೂ ಹೋದ ಮೇಲೆ ಹಾಲ್ ಮೆಟ್ಟಿಲ ಮೇಲೆ ಶ್ಯಾಮಲ ಬಂದು ಪಕ್ಕದಲ್ಲಿ ಕೂತಳು. “ಉಪ್ಪು ಜಾಸ್ತಿ ಅಂತ ಮೊದಲ್ನೇ ತುತ್ತಲ್ಲೇ ಗೊತ್ತಾಯ್ತಕ್ಕಾ.”

“ಗೊತ್ತಾದ್ಮೇಲೆ ಯಾಕ್ ತಿಂದೆ?”

“ನಾನೆಲ್ಲಿ ತಿಂದೆ? ಬರೀ ಮುದ್ದೆ ನುಂಗಿ, ಮೀನೆಲ್ಲಾ ನಿನ್ ತಟ್ಟೆಗೇ ಆಕಿದ್ನಲ್ಲ.” ಕತ್ತು ನೀವಿಕೊಳ್ಳುತ್ತ ಮತ್ತೆ ಅಂದಳು. “ಬೆಲ್ಟು ಅರ್ಧ ಇಂಚು ಕಮ್ಮಿ ಹೊಲ್ದಿದ್ದೂ ಗೊತ್ತು. ಫೋಟೋ ಮುಗಿಯೋಗಂಟ ಉಸ್ರು ಬಿಗಿ ಇಡ್ಕೊಂಡಿದ್ದೆ.”

ವನಿತಾ ಅವಳ ಸೊಂಟವನ್ನೊಮ್ಮೆ ನೋಡಿದಳು. ಎಷ್ಟೋ ತಿಂಗಳ ಮೇಲೆ ಒಂದು ಉರಿ ಆರಿತು. ಸೊಂಟ ತನ್ನಷ್ಟೇ ಇತ್ತು.

ಉಳಿದ ಉರಿ ಹಾಗೇ ಇದೆ. ಇಬ್ಬರಲ್ಲಿ ಒಬ್ಬರು ಮೇಲಿನ ತೂಕಕ್ಕೆ ಹೋಗಿ, ಜಗಳವೇ ಇರುವುದಿಲ್ಲ ಅಂತ ಶ್ರೀಧರ್ ಹೇಳಿ ನೋಡಿದ. ಅವಳೇ ಹೋಗಲಿ ಅಂದರು ಇಬ್ಬರೂ. ಯಾರದೂ ಅಲ್ಲದ ಕೆಂಪು ಬೆಲ್ಟು ಹಾಲ್‌ನ ಮೊಳೆಗೆ ನೇತುಬಿದ್ದಿದೆ. ಅದರ ಕೆಳಗೆ ಇಬ್ಬರೂ ಸಂಜೆ ಸಂಜೆ ಬೆವರುತ್ತಾರೆ, ಮೊದಲು ನಿಲ್ಲಿಸಲು ಇಬ್ಬರಿಗೂ ಮನಸ್ಸಿಲ್ಲ. ಬಂಗಾರಪೇಟೆಯ ಕೊನೆಯ ಟ್ರೈನಿಗೆ ಹೊತ್ತಾಯಿತೆಂದು ಶ್ಯಾಮಲ ಚೀಲ ಹೆಗಲಿಗೇರಿಸಿ ಹೊರಟದ್ದನ್ನು ಕಣ್ಣಾರೆ ಕಂಡ ಮೇಲಷ್ಟೇ ವನಿತಾ ಕೈಗೆ ಸುತ್ತಿದ ಪಟ್ಟಿ ಬಿಚ್ಚುತ್ತಾಳೆ.