ಖಾಲಿ ಕ್ಯಾಬಿನ್ನಿಗೆ ಹೇಳಿ ಹೊರಡುವವರು

ನಾರ್ತ್ ಕೆರೊಲಿನಾದ ನಮ್ಮ ಆಸ್ಪತ್ರೆಯಲ್ಲಿ ಮೈಸೂರಿನ ಪೆಥಾಲಜಿಸ್ಟ್ ಒಬ್ಬರಿದ್ದರು. ಶವಾಗಾರಕ್ಕೆ ಬೀಗ ಹಾಕುವಾಗಲೂ ಬಾಗಿಲಿಗೆ ಅಂಗೈ ಒತ್ತಿ, "ಹೋಗ್ಬರ್ತೀನಿ" ಎನ್ನುವರು. ಒಳಗಿನಿಂದ ಯಾರೋ ಒಪ್ಪಿಗೆ ಕೊಟ್ಟಂತೆ ತಲೆಯಾಡಿಸಿಯೇ ಹೊರಡುವರು. ನಮಗೆಲ್ಲ ಅದೊಂದು ತಮಾಷೆ.

ಎಪ್ಪತ್ತರ ದಶಕದ ಒಂದು ಅಕ್ಟೋಬರ್‌ನಲ್ಲಿ ಅವರೂ ನಾನೂ ಬೆಟ್ಟದ ಮೇಲೆ, ಚಾರಣಿಗರು ತಂಗುವ ಮರದ ಕ್ಯಾಬಿನ್‌ನಿಂದ ಕ್ಯಾಬಿನ್‌ಗೆ ಹೈಕ್ ಹೊರಟೆವು. ತಂಗಿದ ಪ್ರತಿ ಕ್ಯಾಬಿನ್ನಿಗೂ ಅವರದು ಅದೇ ಮಾತು. ಕೊನೆಯ ಬೆಳಿಗ್ಗೆ ಮಾತ್ರ, ಮಳೆಗೆ ಮುಂಚೆ ಇಳಿಯುವ ಅವಸರದಲ್ಲಿ, ಮರೆತರು. ಮಂಜಿನಲ್ಲಿ ತುಸು ದೂರ ನಡೆದಿದ್ದೆವಷ್ಟೆ. ಹಿಂದಿನ ಖಾಲಿ ಕ್ಯಾಬಿನ್ನಿನಿಂದ ಹೆಂಗಸಿನ ದನಿ ಬಂತು, ಅಚ್ಚ ಕನ್ನಡದಲ್ಲಿ: "ಹೇಳ್ದೇ ಹೊರಟ್ರಾ?"

ನಾನು ಗಕ್ಕನೆ ನಿಂತೆ. "ಯಾರ್ ಸರ್ ಅದು?"

ಅವರು ನನ್ನತ್ತ ತಿರುಗಿದರು. ಅವರು ಹೆದರಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ನಿಮಗೂ ಕೇಳಿಸ್ತಾ?"